ಡ್ರಮ್ಮಿನ ನೀರಲ್ಲಿ ಸೊಳ್ಳೆ ಮರಿ ಇದೆಯಾ? ಮನೆಯಲ್ಲೇ ನೋಡುವುದು ಹೀಗೆ

ಮಳೆಗಾಲ ಶುರುವಾದರೆ ದಾವಣಗೆರೆಯ ಓಣಿಗಳಲ್ಲಿ ಆಶಾ ಕಾರ್ಯಕರ್ತೆಯರು ಟಾರ್ಚ್ ಹಿಡಿದು ಬರುತ್ತಾರೆ. "ಅಕ್ಕಾ, ನೀರು ತುಂಬಿಸಿಟ್ಟಿದ್ದು ಎಲ್ಲಿದೆ, ಸ್ವಲ್ಪ ತೋರಿಸ್ರೀ" ಅಂತ ಕೇಳುತ್ತಾರೆ. ದಯವಿಟ್ಟು ಅವರನ್ನು ಗೇಟಿನಿಂದಲೇ ವಾಪಸ್ ಕಳಿಸಬೇಡಿ. ಇದೇ ಲಾರ್ವಾ (ಅಂದರೆ ಸೊಳ್ಳೆ ಮರಿ) ಸಮೀಕ್ಷೆ, ಡೆಂಗಿ ತಡೆಯುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣುವುದಿಲ್ಲ. ಆದರೆ ಅವರು ಮತ್ತೆ ನಮ್ಮ ಮನೆಗೆ ಬರುವಷ್ಟರಲ್ಲಿ ಎಷ್ಟೋ ದಿನ ಆಗಿರುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರುವುದಕ್ಕೆ 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನಾವೇ ನೋಡಬೇಕು. ಹೇಗೂ ಶುಕ್ರವಾರ ಮನೆ ತೊಳೆಯುತ್ತೇವೆ ಅಲ್ವಾ, ಅವತ್ತೇ ಇದನ್ನೂ ಮುಗಿಸಿ.

ಡ್ರಮ್ಮಿನ ಮುಚ್ಚಳ ಮೆಲ್ಲಗೆ ತೆಗೆಯಿರಿ. ನೀರು ಅಲುಗಾಡಿದರೆ ಮರಿಗಳು ಸರ್ರನೆ ತಳಕ್ಕೆ ಇಳಿದುಬಿಡುತ್ತವೆ, ನೀವು ಏನೂ ಇಲ್ಲ ಅಂದುಕೊಂಡು ಮುಚ್ಚಿಬಿಡುತ್ತೀರಿ. ಟಾರ್ಚ್ ಬಿಟ್ಟು ಎರಡು ನಿಮಿಷ ಸುಮ್ನೆ ಕಾಯಿರಿ. ಉಸಿರಾಡುವುದಕ್ಕೆ ಅವು ಮೇಲೆ ಬರಲೇಬೇಕು. ದಾರದ ಚೂರಿನ ಹಾಗೆ ಸಣ್ಣಗೆ, ತಲೆ ಕೆಳಗೆ ಬಾಲ ಮೇಲೆ ಮಾಡಿ ನೇತಾಡುತ್ತಾ, ಆಗಾಗ ಸುರುಳಿ ಸುತ್ತುತ್ತಾ ಇರುತ್ತವೆ. ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿದ್ದು ಕಂಡರೆ ಅದು ಕೋಶ, ಒಂದೆರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ.

ಸಂಪು, ಬಚ್ಚಲ ತೊಟ್ಟಿ, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ, ಹಳೇ ಟೈರು, ತೆಂಗಿನ ಚಿಪ್ಪು ಎಲ್ಲಾ ನೋಡಿ. ನಮ್ಮ ಮನೆಯಲ್ಲಿ ಡ್ರಮ್ಮುಗಳಿಗೆಲ್ಲಾ ಮುಚ್ಚಳ ಇತ್ತು, ನಿಶ್ಚಿಂತೆಯಿಂದ ಇದ್ದೆವು. ಆಶಾ ಅಕ್ಕ ಹಿತ್ತಲಿಗೆ ಹೋಗಿ, ಯಾರೂ ಬಳಸದ ಒರಳುಕಲ್ಲಿನ ಗುಂಡಿಗೆ ಟಾರ್ಚ್ ಬಿಟ್ಟರು. ಒಂದು ಚೊಂಬಿನಷ್ಟು ಮಳೆನೀರು, ಅದರ ತುಂಬಾ ಮರಿಗಳು! ಈಗ ಆ ಗುಂಡಿಗೆ ಮರಳು ತುಂಬಿಸಿದ್ದೇವೆ.

ಮರಿ ಸಿಕ್ಕಿತು, ಮುಂದೆ? ನಮ್ಮೂರಲ್ಲಿ ನೀರು ಚೆಲ್ಲಿ ಅನ್ನುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಭದ್ರಾ ನಾಲೆ ನೀರು ಕುಂದವಾಡ ಕೆರೆ ತುಂಬಿ ಅಲ್ಲಿಂದ ನಲ್ಲಿಗೆ ಬರಬೇಕು, ಅದೂ ದಿನಾ ಬರುವುದಿಲ್ಲ, ಬಂದ ದಿನ ಕೊಡ, ಬಕೆಟ್ಟು, ಡ್ರಮ್ಮು ಸಿಕ್ಕಿದ್ದೆಲ್ಲಾ ತುಂಬಿಸಿಕೊಳ್ಳಲೇಬೇಕು. ಹಾಗಾಗಿ ನೀರನ್ನು ಹಳೇ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಿಸಿ, ಬಟ್ಟೆ ಒಗೆಯುವುದಕ್ಕೆ, ಗಿಡಕ್ಕೆ ಬಳಸಿ. ಸೋಸಿದ ಮರಿಗಳನ್ನು ಬಿಸಿಲಿನ ಒಣನೆಲಕ್ಕೆ ಕೊಡವಿ, ಸಾಯುತ್ತವೆ. ಚರಂಡಿಗೆ ಮಾತ್ರ ಹಾಕಬೇಡಿ.

ಇಷ್ಟು ಮಾಡಿ ಬಿಟ್ಟರೆ ಕೆಲಸ ಅರ್ಧವೇ ಆಯಿತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ಅವು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಅದಕ್ಕೇ ಗಟ್ಟಿ ಬ್ರಷ್ ಅಥವಾ ತೆಂಗಿನ ನಾರು ಹಿಡಿದು, ಕಂಠದಿಂದ ತಳದವರೆಗೆ ಚೆನ್ನಾಗಿ ಉಜ್ಜಬೇಕು. ಬಿಸಿಲಿಗೆ ಬೋರಲು ಹಾಕಿ ಒಣಗಿಸಿ, ತುಂಬಿಸಿದ ಮೇಲೆ ಬಟ್ಟೆ ಹಾಕಿ ಸುತ್ತ ದಾರ ಬಿಗಿಯಿರಿ. ಖಾಲಿ ಮಾಡಲಾಗದ ತೊಟ್ಟಿ ಇದ್ದರೆ ಆರೋಗ್ಯ ಇಲಾಖೆಯವರನ್ನು ಕೇಳಿ, ಮರಿ ತಿನ್ನುವ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡುತ್ತಾರೆ. ಮರಿ ಕೊಲ್ಲಲು ನೀರಿಗೆ ಹಾಕುವ ಟೆಮೆಫಾಸ್ ದ್ರಾವಣದ ಅಳತೆ ಅವರಿಗೇ ಬಿಡಿ.

"ಫಾಗಿಂಗ್ ಮಾಡಿಸಿದರೆ ಸಾಕಲ್ಲ" ಅನ್ನುವವರು ಜಾಸ್ತಿ. ಆ ಹೊಗೆಗೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮ ಮಾಡಿದ್ದೂ ಇದಕ್ಕೇ.

ಯಾರಿಗಾದರೂ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಡೆಂಗಿ ಆಗಿದ್ದರೆ ರಕ್ತಸ್ರಾವ ಹೆಚ್ಚಬಹುದು. ಮೊದಲ 5 ದಿನದೊಳಗಾದರೆ ಡೆಂಗಿ ಪತ್ತೆಹಚ್ಚುವ ಎನ್‌ಎಸ್‌1 ರಕ್ತಪರೀಕ್ಷೆ ಮಾಡಿಸಿ. ಹೊಟ್ಟೆನೋವು, ಬಿಡದೆ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಜ್ವರ ಇಳಿದಿದ್ದರೂ ತಡಮಾಡದೆ ಆಸ್ಪತ್ರೆಗೆ ಓಡಿ. ಡೆಂಗಿ ಅಂತ ಗೊತ್ತಾದರೆ ಆಶಾ ಅಕ್ಕನಿಗೆ ಅವತ್ತೇ ತಿಳಿಸಿ, ಅಕ್ಕಪಕ್ಕದ ಮನೆಗಳ ಡ್ರಮ್ಮುಗಳನ್ನೂ ಅವರು ನೋಡಬೇಕು.