ಹ್ಯಾಮ್ ರೇಡಿಯೊ: ಮೊದಲ ಸಲ ಮಾತಾಡುವುದು ಹೇಗೆ?

ಹ್ಯಾಮ್ ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ. ಅದರ ಪರೀಕ್ಷೆ ಪಾಸಾಯಿತು, ಲೈಸೆನ್ಸ್ ಬಂತು, ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿಮ್ಮ ಗುರುತು, ಕೂಡ ಸಿಕ್ಕಿತು. ಆದರೂ ಸೆಟ್ ಮೂಲೆಯಲ್ಲೇ ಕೂತಿದೆ, ಅಲ್ವಾ? ನನ್ನದೂ ಮೂರು ವಾರ ಹಾಗೇ ಕೂತಿತ್ತು. ಪಿಟಿಟಿ (ಒತ್ತಿ ಹಿಡಿದು ಮಾತಾಡುವ) ಬಟನ್ ಮೇಲೆ ಬೆರಳಿಟ್ಟ ತಕ್ಷಣ ಗಂಟಲು ಕಟ್ಟುತ್ತಿತ್ತು. (ಲೈಸೆನ್ಸ್ ಇನ್ನೂ ಬಂದಿಲ್ಲವೇ? ಹಾಗಾದರೆ ಆ ಬಟನ್ ಮುಟ್ಟಲೇಬೇಡಿ.)

ಮೊದಲು ತಾರಸಿ ಹತ್ತಿ. ಹೊಸಬರ ಕೈಯಲ್ಲಿ ಸಾಮಾನ್ಯವಾಗಿ ಇರುವುದು 5 ವಾಟಿನ ಹ್ಯಾಂಡ್‌ಹೆಲ್ಡ್, ಮಾತಾಡುವುದು 2 ಮೀಟರ್ ಬ್ಯಾಂಡಿನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್. ಈ ಅಲೆಗಳು ಹೆಚ್ಚುಕಮ್ಮಿ ನೇರ ಹೋಗುತ್ತವೆ. ಬಸವನಗುಡಿಯ ನೆಲಮಹಡಿಯಲ್ಲಿ ಕೂತರೆ ಪಕ್ಕದ ಅಪಾರ್ಟ್‌ಮೆಂಟೇ ಅಡ್ಡ. ನೀರಿನ ಟ್ಯಾಂಕ್ ಪಕ್ಕ ನಿಂತರೆ ಅದೇ ಸೆಟ್ ಎಷ್ಟೋ ದೂರ ಮುಟ್ಟುತ್ತದೆ.

ಇನ್ನು ರಿಪೀಟರ್. ಎತ್ತರದ ಜಾಗದಲ್ಲಿ ಕೂತು ನಿಮ್ಮ ದನಿ ಹಿಡಿದು ಬೇರೆ ಫ್ರೀಕ್ವೆನ್ಸಿಯಲ್ಲಿ ಮತ್ತೆ ಬಿಡುವ ಯಂತ್ರ ಅದು. 2 ಮೀಟರ್‌ನಲ್ಲಿ ಈ ಎರಡರ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ಆ ಅಂತರವನ್ನೂ, ರಿಪೀಟರ್‌ಗೆ ಬೇಕಿದ್ದರೆ ಟೋನನ್ನೂ (ದನಿಯ ಜೊತೆ ಹೋಗಿ ರಿಪೀಟರ್ ತೆರೆಸುವ ಸಣ್ಣ ಸ್ವರ) ಸೆಟ್ಟಿಗೆ ತುಂಬದೇ ಇದ್ದರೆ ನಿಮಗೆ ಎಲ್ಲರೂ ಕೇಳಿಸುತ್ತಾರೆ, ನೀವು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ನಾನು ಒಂದಿಡೀ ಸಂಜೆ ಹೀಗೆ ಒಬ್ಬನೇ ಒದರಿಕೊಂಡಿದ್ದೇನೆ. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಆಂಟಿ ಮಾತ್ರ ಪೂರ್ತಿ ಕೇಳಿಸಿಕೊಂಡರು.

ಹೋದ ತಕ್ಷಣ ಮಾತಾಡಬೇಡಿ. ಎರಡು ದಿನ ಸುಮ್ನೆ ಕೇಳಿ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಮಧ್ಯೆ ಎಷ್ಟು ಬಿಡುತ್ತಾರೆ, ಕಿವಿಗೆ ಬೀಳಲಿ. ಆಮೇಲೆ ಬಟನ್ ಒತ್ತಿ, ಒಂದು ಸೆಕೆಂಡ್ ತಡೆದು, ಕಾಲ್‌ಸೈನ್ ಹೇಳಿ. ತಡೆಯದಿದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಅಕ್ಷರಗಳು ತಪ್ಪಾಗಿ ಕೇಳಿಸದಂತೆ ವಿ, ಯು ಬದಲು ಪದ ಹೇಳುತ್ತಾರೆ: ‘ವಿಕ್ಟರ್ ಯೂನಿಫಾರ್ಮ್ 3’, ಮುಂದೆ ನಿಮ್ಮ ಅಕ್ಷರಗಳು, ಕೊನೆಗೆ ‘ಕೇಳ್ತಾ ಇದ್ದೀನಿ’. ಅಷ್ಟೇ. ‘ಸಿಕ್ಯೂ ಸಿಕ್ಯೂ’ (ಯಾರಾದರೂ ಉತ್ತರಿಸಿ) ಅಂತ ಕೂಗುವುದೆಲ್ಲ ಶಾರ್ಟ್‌ವೇವ್‌ಗೆ ಸರಿ, ರಿಪೀಟರ್‌ನಲ್ಲಿ ಬೇಕಾಗುವುದಿಲ್ಲ.

‘ಹೇಳಿ ಓಎಂ, 5-9 ಬರ್ತಿದ್ದೀರಿ, ಹೆಸರು, ಕ್ಯೂಟಿಎಚ್?’ ಅಂತ ಉತ್ತರ ಬಂದರೆ ಬೆದರಬೇಡಿ. ಓಎಂ ಅಂದರೆ ಓಲ್ಡ್ ಮ್ಯಾನ್, 16ರ ಹುಡುಗನೂ ಇಲ್ಲಿ ಓಎಂ. ಮಾತು 5ಕ್ಕೆ 5 ಸ್ಪಷ್ಟ, ಸಿಗ್ನಲ್ 9ಕ್ಕೆ 9 ಜೋರು ಅಂತ ಲೆಕ್ಕ. ಕ್ಯೂಟಿಎಚ್ ಅಂದರೆ ಊರು. ನೀವೂ ಅವರ ಸಿಗ್ನಲ್ ಹೇಳಿ. ಕೊರಕೊರ ಅಂತಿದ್ದರೆ 5-9 ಅನ್ನಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿದರೇ ಅವರಿಗೆ ಉಪಯೋಗ.

ಬೀಳ್ಕೊಡುವಾಗ ‘73’, ಅಂದರೆ ಶುಭಾಶಯ. ಕೂಡಲೇ ಲಾಗ್‌ನಲ್ಲಿ (ಮಾತುಕತೆಗಳ ದಾಖಲೆ ಪುಸ್ತಕ) ಬರೆದಿಡಿ, ಸಮಯ ಮಾತ್ರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ: ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ. ಸಂಜೆ 7 ಆದರೆ 13:30. ನನ್ನ ಲಾಗಿನ ಮೊದಲ ಸಾಲಿನಲ್ಲೇ ಅದನ್ನು ತಪ್ಪು ಬರೆದು, ಹೊಡೆದು ಹಾಕಿದ ಗೀಟು ಇನ್ನೂ ಇದೆ.