ಕಂಬಳಿ ಸುತ್ತಿದ ಐಸು ಮತ್ತು ಏಳನೇ ಕ್ಲಾಸಿನ ಉಷ್ಣದ ಪಾಠ (ನನ್ನ ಅನುಭವ)

ಈ ಪಾಠದ ಜೊತೆ ಮೂರು ವರ್ಷ ಗುದ್ದಾಡಿದೆ, ಈ ವರ್ಷ ಗೆದ್ದೆ, ಅದಕ್ಕೇ ಬರೀತಾ ಇದ್ದೇನೆ. ನಮ್ಮದು ಅಂಕೋಲಾ ಕಡೆ ಕಡಲ ಪಕ್ಕದ ಸರ್ಕಾರಿ ಶಾಲೆ, ಏಳನೇ ಕ್ಲಾಸಲ್ಲಿ 19 ಮಕ್ಕಳು. ವಿಜ್ಞಾನ ತಗೊಳ್ಳೋರಿಗೆಲ್ಲ ಗೊತ್ತು, ವಹನ ಸಂವಹನ ವಿಕಿರಣ (ಉಷ್ಣ ಸಾಗೋ ಮೂರು ದಾರಿ: ವಸ್ತುವಿನೊಳಗಿಂದಲೇ ದಾಟೋದು, ಗಾಳಿ ನೀರು ಸುತ್ತಾಡಿ ಒಯ್ಯೋದು, ಬಿಸಿಲಿನ ಹಾಗೆ ನಡುವೆ ಏನೂ ಬೇಡದೆ ಬರೋದು) ಅಂತ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸ್ತಾರೆ, ಟೆಸ್ಟಲ್ಲಿ ಮಾರ್ಕ್ಸೂ ಬರ್ತದೆ. ಅದೇ ಮಕ್ಕಳನ್ನ ಕಾರಿಡಾರಲ್ಲಿ ನಿಲ್ಲಿಸಿ ಚಳಿಗೆ ಕಂಬಳಿ ಯಾಕೆ ಹೊದಿತೀರಿ ಅಂತ ಕೇಳಿ ನೋಡಿ. "ಕಂಬಳಿ ಬಿಸಿ ಕೊಡ್ತದೆ ಅಲ್ರಾ ಅಕ್ಕೋರೆ" ಅಂತಾರೆ (ಅಕ್ಕೋರು ಅಂದ್ರೆ ನಮ್ಮ ಕಡೆ ಟೀಚರು). ಐಸ್ ಹಿಡಿದ್ರೆ ಕೈ ಯಾಕೆ ಕೊರೀತದೆ ಅಂದ್ರೆ ಐಸಿನ ಥಂಡಿ ಕೈಯೊಳಗೆ ಬರ್ತದೆ ಅಂತಾರೆ. ಅಂದ್ರೆ ಇಡೀ ಪಾಠ ಮಾಡಿದ್ದು ತಲೆ ಮೇಲಿಂದ ಹೋಗಿದೆ ಅಂತಾಯ್ತು. ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೆ ಮಾತ್ರ ಉಷ್ಣ ಹೋಗ್ತದೆ, ಥಂಡಿ ಅನ್ನೋದು ಎಲ್ಲಿಂದಲೂ ಎಲ್ಲಿಗೂ ಹೋಗೋದಿಲ್ಲ, ಈ ಒಂದು ಮಾತು ಕೂತರೆ ಉಳಿದದ್ದೆಲ್ಲ ತಾನಾಗಿ ಬರ್ತದೆ. ಅದನ್ನ ಕೂರಿಸೋದೇ ಕಷ್ಟ.

ಮೊದಲನೇ ವರ್ಷ ಎಲ್ಲರ ಹಾಗೆ ಕಬ್ಬಿಣದ ಸರಳಿಗೆ ಮೇಣದಲ್ಲಿ ಗುಂಡುಪಿನ್ನು ಅಂಟಿಸಿ ಒಂದು ತುದಿಗೆ ದೀಪ ಹಿಡಿದೆ. ನಮ್ಮ ಶಾಲೆ ಕಿಟಕಿಯಿಂದ ಮಧ್ಯಾಹ್ನ ಬರೋ ಕಡಲಗಾಳಿಗೆ ದೀಪ ನಿಲ್ಲೋದೇ ಇಲ್ಲ, ಬಾಗಿಲು ಕಿಟಕಿ ಹಾಕಿದ್ರೆ ಮಕ್ಕಳು ಬೆವರಿ ಒದ್ದೆ. ಕೊನೆಗೂ ಎರಡು ಪಿನ್ನು ಬಿತ್ತು, ನಾನು ಖುಷಿಯಿಂದ ನೋಡಿ ವಹನ ಅಂದೆ, ಹಿಂದಿನ ಬೆಂಚಿನ ಒಬ್ಬ ಎದ್ದು "ದೀಪದ ಬಿಸಿ ಹೊರಗಿಂದನೇ ಮೇಣಕ್ಕೆ ತಾಗಿ ಬಿತ್ತಲ್ಲ ಅಕ್ಕೋರೆ" ಅಂದ. ಅವನು ಹೇಳಿದ್ದು ಸರಿಯಾಗೇ ಇತ್ತು! ಆಮೇಲೆ ನಡುವೆ ರಟ್ಟು ತೂತು ಮಾಡಿ ಅಡ್ಡ ಇಟ್ಟು ಮಾಡಿದೆ, ಸರಿಯಾಯ್ತು, ಆದ್ರೆ ಅಷ್ಟರಲ್ಲಿ ಬೆಲ್ ಹೊಡೆದಾಗಿತ್ತು. ಎರಡನೇ ವರ್ಷ ಸ್ವಂತ ದುಡ್ಡಲ್ಲಿ ಆನ್‌ಲೈನಲ್ಲಿ ಒಂದು ಕಿಟ್ ತರಿಸಿದೆ, 1,400 ಚಿಲ್ಲರೆ ಕೊಟ್ಟ ನೆನಪು. ಅರ್ಧ ಸಾಮಾನು ಒಡೆದೇ ಬಂತು. ಉಳಿದ ಬೀಕರಲ್ಲಿ ನೀರು ಕಾಸಿ, ಬಿಸಿ ನೀರು ಸುತ್ತೋದು ಬಣ್ಣದಲ್ಲಿ ಕಾಣ್ಲಿ ಅಂತ ಪೊಟ್ಯಾಶಿಯಂ ಪರ್ಮಾಂಗನೇಟ್ ಹರಳು ಹಾಕೋಣ ಅಂದ್ರೆ ತಳ ಟಪ್ ಅಂತ ಸೀಳಿತು. ಆ ದಿನ ಹೆಡ್ ಮಾಸ್ತರು ಬಾಗಿಲಲ್ಲೇ ನಿಂತಿದ್ರು. "ಪೋರ್ಷನ್ ಮುಗಿಸಿ ಅಕ್ಕೋರೆ, ಚಿತ್ರ ಬಿಡಿಸಿದ್ರೆ ಸಾಕು" ಅಂದ್ರು. ಸ್ಟಾಫ್ ರೂಮಲ್ಲೂ ಅದೇ ಮಾತು.

ದಾರಿ ಸಿಕ್ಕಿದ್ದು ದೋಸೆ ಕಾವಲಿಯಿಂದ. ಬಿಸಿಯೂಟದ ಸ್ಟೀಲ್ ತಟ್ಟೆ ಮುಟ್ಟಿದ್ರೆ ತಣ್ಣಗೆ, ಪಕ್ಕದ ಮರದ ಮಣೆ ಮುಟ್ಟಿದ್ರೆ ಅಷ್ಟು ತಣ್ಣಗಿಲ್ಲ. ಯಾವುದರ ಮೇಲೆ ಐಸ್ ಬೇಗ ಕರಗ್ತದೆ ಅಂತ ಕೇಳಿದ್ರೆ 19ರಲ್ಲಿ 16 ಜನ ಮರ ಅಂತ ಕೈ ಎತ್ತಿದ್ರು, ಸ್ಟೀಲು ತಣ್ಣಗಿದೆಯಲ್ಲ, ಅಲ್ಲಿ ಐಸು ಉಳೀತದೆ ಅಂತ. ಮೊದಲು ತಟ್ಟೆಯಲ್ಲೇ ಮಾಡಿ ನೋಡಿದೆ, ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ತಟ್ಟೆ ತೆಳು, ಅದೂ ಅಲ್ಲದೆ ಸ್ಟೇನ್‌ಲೆಸ್ ಸ್ಟೀಲು ಲೋಹಗಳ ಲೆಕ್ಕದಲ್ಲಿ ಬಹಳ ಮಂದ, ತಾಮ್ರ ಅದಕ್ಕಿಂತ ಸುಮಾರು 25 ಪಟ್ಟು ಚೆನ್ನಾಗಿ ಉಷ್ಣ ಸಾಗಿಸ್ತದೆ. ಪಾತ್ರೆಗಳ ತಳಕ್ಕೆ ತಾಮ್ರ ಹಚ್ಚೋದು ಅದಕ್ಕೇ. ಮರುದಿನ ಮನೆಯಿಂದ ಅತ್ತೆಯ ಕಾಲದ ದಪ್ಪ ಬೀಡಿನ (ಎರಕದ ಕಬ್ಬಿಣದ) ಕಾವಲಿ ತಗೊಂಡು ಹೋದೆ. ಫ್ರಿಜ್ ಟ್ರೇಯ ಎರಡು ಐಸು, ಒಂದು ಕಾವಲಿ ಮೇಲೆ, ಒಂದು ಮಣೆ ಮೇಲೆ. ಕಾವಲಿ ಮೇಲಿನದ್ದು ಇಟ್ಟ ಕೂಡಲೇ ಅಂಚಲ್ಲಿ ನೀರು ಒಸರೋಕೆ ಶುರು, ಐಸು ತಾನೇ ಜಾರಿ ತಿರುಗ್ತದೆ, ಏಳೆಂಟು ನಿಮಿಷದಲ್ಲಿ ಮಾಯ. ಮಣೆ ಮೇಲಿನದ್ದು ಅರ್ಧ ಗಂಟೆ ಆದ್ರೂ ಗುಬ್ಬಿ ಮೊಟ್ಟೆಯಷ್ಟು ಉಳಿದಿತ್ತು. ಕ್ಲಾಸು ಗಪ್‌ಚಿಪ್. ಆಮೇಲೆ ಐಸಿದ್ದ ಜಾಗ ಮುಟ್ಟಿ ನೋಡಿ ಅಂದೆ. ಒಬ್ಬಳು ಕಾವಲಿ ಮುಟ್ಟಿ, ಮೊದಲಿಗಿಂತ ತಣ್ಣಗಾಗಿದೆ ಅಂದ್ರೆ ಇದರ ಬಿಸಿ ಐಸಿಗೆ ಹೋಯ್ತು ಅಂದ್ಲು. ಮೂರು ವರ್ಷದಲ್ಲಿ ನಾನು ಬಾಯಿಬಿಟ್ಟು ಹೇಳದೆ ಮಗುವೇ ಹೇಳಿದ್ದು ಅದೇ ಮೊದಲು.

ಅಲ್ಲಿಂದ ಐಸ್ ಪಂದ್ಯ ಶುರು. ಎಲ್ಲರಿಗೂ 200 ಎಂಎಲ್ ನೀರಿನ ಒಂದೇ ಅಳತೆಯ ಐಸು, ಯಾರ ಐಸು ಹೆಚ್ಚು ಹೊತ್ತು ಉಳೀತದೆ ನೋಡೋದು, ಸುತ್ತೋಕೆ ಬೇಕಾದ್ದು ಮನೆಯಿಂದ ತನ್ನಿ ಅಂದೆ. ನ್ಯೂಸ್ ಪೇಪರು, ಬೆಳ್ಳಿ ಬಣ್ಣದ ಫಾಯಿಲು, ತೆಂಗಿನ ನಾರು, ಉಮಿ, ಥರ್ಮಾಕೋಲ್ ಬಾಕ್ಸು ಎಲ್ಲ ಬಂತು. ಕಂಬಳಿ ಯಾರೂ ತರಲಿಲ್ಲ, ಐಸು ಕರಗಿಹೋಗ್ತದೆ ಅಂತ. ನಾನೇ ಗದ್ದೆ ಕೆಲಸದ ಹಳೇ ಕಂಬಳಿ ತಂದೆ.

ಮೊದಲ ಸಲ ಹಾಳಾಯ್ತು, ಅದೂ ಹೆಡ್ ಮಾಸ್ತರು ಕುರ್ಚಿ ಹಾಕಿಸಿಕೊಂಡು ಕೂತ ದಿನವೇ. ಐಸನ್ನ ನೇರ ಕಂಬಳಿಯಲ್ಲಿ ಸುತ್ತಿದ್ದೆ, ಕರಗಿದ ನೀರು ಕಂಬಳಿಗೆ ಇಳೀತು, ಒದ್ದೆ ಕಂಬಳಿಯಲ್ಲಿ ಗಾಳಿಯೇ ಉಳಿಯೋದಿಲ್ಲ, ಹೊರಗಿನ ಬಿಸಿ ಸಲೀಸಾಗಿ ಒಳಗೆ. ಏನೂ ಸುತ್ತದೆ ಬಯಲಲ್ಲಿಟ್ಟ ಐಸಿಗೂ ಇದಕ್ಕೂ ಹೆಚ್ಚುಕಮ್ಮಿ ಇಲ್ಲ. ನೋಡಿದ್ರಾ, ಕಂಬಳಿ ಬಿಸಿಯೇ ಅಂತ ಅವರೂ ನಕ್ಕರು. ಆ ರಾತ್ರಿ ನಿದ್ದೆ ಬರಲಿಲ್ಲ, ಮಕ್ಕಳ ತಲೆಯಲ್ಲಿ ತಪ್ಪು ಇನ್ನೂ ಗಟ್ಟಿಯಾಗಿ ಕೂತುಬಿಟ್ತಲ್ಲ ಅಂತ. ಮೂರು ದಿನ ಬಿಟ್ಟು ಐಸನ್ನ ಹಾಲಿನ ಪ್ಯಾಕೆಟ್ ಕವರಲ್ಲಿ ಹಾಕಿ ಬಾಯಿ ಕಟ್ಟಿ, ಮೇಲೆ ಕಂಬಳಿ ನಾಲ್ಕು ಸುತ್ತು ಸುತ್ತಿ ಮತ್ತೆ ಮಾಡಿದೆ. ಎಲ್ಲರದ್ದಕ್ಕೂ ಅದೇ ಕವರು, ಇಲ್ಲದಿದ್ರೆ ಮಕ್ಕಳು ಜಗಳಕ್ಕೆ ಬರ್ತಾರೆ.

ಬೆಳಿಗ್ಗೆ ಹತ್ತೂಕಾಲಿಗೆ ಇಟ್ಟದ್ದು, ಎರಡು ಗಂಟೆಗೆ ಬಿಚ್ಚಿ ಕರಗಿದ ನೀರನ್ನ ಅಳತೆ ಜಾರಿಗೆ ಹೊಯ್ದೆವು. ಬಯಲಲ್ಲಿದ್ದದ್ದು ಒಂದು ಗಂಟೆ ಸುಮಾರಿಗೇ ಪೂರ್ತಿ ನೀರು. ಫಾಯಿಲ್ ಬರೀ ಒಂದು ಸುತ್ತು ಸುತ್ತಿದ್ದು, ಉಗುರಿನಷ್ಟು ಐಸು. ಕಂಬಳಿಯದ್ದು ನೀರು 130 ಇರಬಹುದು, ಅಂದ್ರೆ ಒಳಗೆ ಒಳ್ಳೆ ಗಟ್ಟಿ ತುಂಡು ಇನ್ನೂ ಇತ್ತು. ಬಿಚ್ಚಿದಾಗ ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನವರೂ ಓಡಿಬಂದ್ರು. ಕಂಬಳಿಗೆ ಸ್ವಂತ ಬಿಸಿ ಇಲ್ಲ, ನಮ್ಮ ಮೈ ಬಿಸಿ ಹೊರಗೆ ಹೋಗದ ಹಾಗೆ ತಡೀತದೆ, ಐಸಿಗೆ ಹೊರಗಿನ ಬಿಸಿ ಒಳಗೆ ಬರದ ಹಾಗೆ ತಡೀತದೆ. ಇದನ್ನ ನಾನು ಬೋರ್ಡ್ ಮೇಲೆ ಬರೆಯೋ ಮೊದಲೇ ನಾಲ್ಕು ಜನ ಹೇಳಿಯಾಗಿತ್ತು.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಥರ್ಮಾಕೋಲ್ ಬಾಕ್ಸೇ ಗೆಲ್ತದೆ ಅಂತ ನನಗೆ ಖಾತ್ರಿ ಇತ್ತು. ಅದು 100ರ ಹತ್ತಿರ ನೀರಾಗಿತ್ತು, ಪೇಂಟ್ ಬಕೆಟಿಗೆ ಉಮಿ ಒತ್ತಿ ತುಂಬಿ ನಡುವೆ ಐಸು ಹೂತಿಟ್ಟ ಹುಡುಗನದ್ದು ಬರೀ 50! ಮೀನು ಮಾರೋ ಮನೆಯ ಹುಡುಗಿ ಬಾಕ್ಸ್ ತಂದವಳು, ಅತ್ತುಬಿಟ್ಟಳು. ಮರುದಿನ ಅವಳ ಅಜ್ಜಿ ಹೇಳಿ ಕಳಿಸಿದ ಮಾತು, "ಅಷ್ಟು ದೊಡ್ಡ ಡಬ್ಬಿಯಲ್ಲಿ ಒಂದು ತುಂಡು ಐಸು ಇಟ್ರೆ ನಿಲ್ಲುದಿಲ್ಲ, ಡಬ್ಬಿ ತುಂಬಿರ್ಬೇಕು." ನೂರಕ್ಕೆ ನೂರು ಸರಿ. ಡಬ್ಬಿಯ ಐದು ಮೈಯಿಂದಲೂ ಮುಚ್ಚಳದಿಂದಲೂ ಬಿಸಿ ಬರ್ತಾನೇ ಇರ್ತದೆ, ಒಳಗಿನ ಖಾಲಿ ಗಾಳಿ ಸುತ್ತಿ ಸುತ್ತಿ ಅದನ್ನ ಐಸಿಗೆ ಮುಟ್ಟಿಸ್ತದೆ. ಉಮಿಯಲ್ಲಿ ಗಾಳಿ ಇದ್ದರೂ ಕಾಳು ಕಾಳಿನ ನಡುವೆ ಸಿಕ್ಕಿಬಿದ್ದಿರ್ತದೆ, ಸುತ್ತೋಕೆ ಜಾಗ ಇಲ್ಲ. ಸಂವಹನ ಅನ್ನೋ ಶಬ್ದ ನಾನು ಆ ದಿನ ಮೊದಲ ಬಾರಿ ಬಳಸಿದೆ, ಅಜ್ಜಿಯ ಮಾತಿಗೆ ಅದು ಹೆಸರು ಅಂತ. ಬಾಕ್ಸಿಗೂ ಉಮಿ ತುಂಬಿ ಇಟ್ಟಾಗ ಅವಳದ್ದೇ ಫಸ್ಟ್ ಬಂತು.

ಅವತ್ತೇ ಹಡಗಿನ ಕಥೆಯನ್ನೂ ಹೇಳಿದೆ. 1833ರಲ್ಲಿ ಅಮೆರಿಕದ ಬೋಸ್ಟನ್ನಿಂದ ಕೆರೆಯಲ್ಲಿ ಕೊಯ್ದ 180 ಟನ್ ಐಸನ್ನ ಹಡಗಿಗೆ ತುಂಬಿ ಕಲ್ಕತ್ತಾಗೆ ತಂದ್ರು, ನಾಲ್ಕು ತಿಂಗಳ ದಾರಿ, ಸುಡೋ ಸಮಭಾಜಕ ದಾಟಿ, ಆದ್ರೂ 100 ಟನ್ ಉಳಿದಿತ್ತು. ಆ ವ್ಯಾಪಾರದಲ್ಲಿ ಐಸು ಕಾಯ್ತಾ ಇದ್ದದ್ದು ಮರದ ಹೊಟ್ಟು. ಮದ್ರಾಸಲ್ಲಿ ಐಸು ಇಡೋಕೆ ಕಟ್ಟಿದ ಮನೆ ಇವತ್ತಿಗೂ ಬೀಚ್ ಎದುರು ಇದೆ, ವಿವೇಕಾನಂದರು ಉಳಿದಿದ್ದ ಮನೆ ಅದೇ. ಉಮಿ ಹುಡುಗ "ನಮ್ದೂ ಅದೇ ಐಡಿಯಾ ಅಲ್ರಾ" ಅಂತ ಒಂದು ವಾರ ಎದೆಯುಬ್ಬಿಸಿ ತಿರುಗಿದ.

ಕಡಲಿಗೆ ಕರೆದುಕೊಂಡು ಹೋದದ್ದು ಮಾರ್ಚಲ್ಲಿ. ಲ್ಯಾಬ್ ಥರ್ಮಾಮೀಟರ್ ಎರಡು, ಒಂದಕ್ಕೆ 120 ರೂಪಾಯಿ. ಮಧ್ಯಾಹ್ನ ಒಂದೂವರೆಗೆ ಮರಳಿನ ಮೇಲ್ಮೈ 50 ದಾಟಿತ್ತು, ಕಡಲ ನೀರು 29ರ ಆಸುಪಾಸು. ನಮ್ಮ ಮಕ್ಕಳು ಕಾಲು ಸುಟ್ಟಾಗ ಏನು ಮಾಡ್ತಾರೆ ಗೊತ್ತಲ್ಲ, ಪಾದವನ್ನ ಮರಳೊಳಗೆ ತಿರುಪಿ ತಿರುಪಿ ಹೂಳ್ತಾರೆ. ಅದೇ ಗುಂಡಿಗೆ ಥರ್ಮಾಮೀಟರ್ ಇಳಿಸಿದ್ರೆ ನಾಲ್ಕು ಬೆರಳು ಕೆಳಗೆ 34. ಮೇಲೆ ಬೇಯ್ತಾ ಇರೋ ಮರಳು ಕೆಳಗಿನ ಮರಳಿಗೆ ಬಿಸಿ ದಾಟಿಸೋಕೆ ಅಷ್ಟು ಸೋಮಾರಿ. ಇದನ್ನ ಯಾವ ಬೀಕರಲ್ಲಿ ತೋರಿಸ್ತೀರಿ? ಹಗಲು ನೆಲ ಕಡಲಿಗಿಂತ ಬೇಗ ಕಾದು ಅದರ ಮೇಲಿನ ಗಾಳಿ ಏರ್ತದೆ, ಆ ಜಾಗಕ್ಕೆ ಕಡಲಗಾಳಿ ಬರ್ತದೆ, ರಾತ್ರಿ ಇದರ ಉಲ್ಟಾ, ಇದೂ ಸಂವಹನವೇ. ಈ ಗಾಳಿ ನೋಡೋಕೆ ಊದಿನಕಡ್ಡಿ. ಶಾಲೆ ಜಗುಲಿಯಲ್ಲಿ ಬೆಳಿಗ್ಗೆ ಬೇಗ ಬರೋ ಇಬ್ಬರಿಗೆ ಏಳು ಗಂಟೆಗೆ ಒಂದು, ಎಲ್ಲರೂ ಸೇರಿ ಹನ್ನೆರಡಕ್ಕೆ, ಮೂರಕ್ಕೆ ಒಂದೊಂದು ಹಚ್ಚೋದು, ಹೊಗೆ ಯಾವ ಕಡೆ ಅಂತ ಬಾಣ ಬರೆಯೋದು. ಹತ್ತು ದಿನದಲ್ಲಿ ಎಂಟು ದಿನ ಬೆಳಿಗ್ಗೆ ಬಾಣ ಕಡಲ ಕಡೆ, ಮಧ್ಯಾಹ್ನ ಊರ ಕಡೆ. ದೋಣಿ ಮನೆಯ ಮಕ್ಕಳಿಗೆ ಇದು ಹೊಸದೇ ಅಲ್ಲ, ಹಿಂದೆ ಹಾಯಿ ಕಟ್ಟಿ ಹೋಗೋರು ನಸುಕಿನ ನೆಲಗಾಳಿಗೆ ಹೊರಟು ಕಡಲಗಾಳಿಗೆ ವಾಪಸ್ ಬರ್ತಿದ್ರು ಅಂತ ಮನೆಯಲ್ಲಿ ಕೇಳಿದ್ದಾರೆ. ಪುಸ್ತಕದ ಕಡಲಗಾಳಿ ನೆಲಗಾಳಿ ಚಿತ್ರ ಅವರದ್ದೇ ಅಜ್ಜನ ಕಥೆ ಅಂತ ಗೊತ್ತಿರಲಿಲ್ಲ ಅಷ್ಟೇ. ಮಳೆಗಾಲದಲ್ಲಿ ಇದು ನಡೆಯೋದಿಲ್ಲ, ಮುಂಗಾರು ಗಾಳಿ ಹಗಲು ರಾತ್ರಿ ಒಂದೇ ಕಡೆ ಬೀಸ್ತದೆ, ಜೂನಲ್ಲಿ ಮಾಡಿ ನನ್ನನ್ನ ಬೈಬೇಡಿ.

ವಿಕಿರಣಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಒಂದೇ ತರದ ಎರಡು ಡಬ್ಬಿ, ಒಂದಕ್ಕೆ ಬಚ್ಚಲ ಹಂಡೆಯ ಮಸಿ, ಇನ್ನೊಂದಕ್ಕೆ ಸುಣ್ಣ, ಬಿಸಿಲಲ್ಲಿ ಒಂದು ತಾಸು, ಮಸಿಯದ್ದು ಆರೇಳು ಡಿಗ್ರಿ ಹೆಚ್ಚು ಬಂತು, ಸಾಕು. ಅದಕ್ಕಿಂತ ಮಕ್ಕಳು ಮೆಚ್ಚಿದ್ದು ಪ್ರನಾಳದ (ಟೆಸ್ಟ್ ಟ್ಯೂಬಿನ) ಆಟ. ತಳದಲ್ಲಿ ಐಸಿನ ಚೂರು, ತೇಲದ ಹಾಗೆ ಮೇಲೊಂದು ಕಬ್ಬಿಣದ ನಟ್ಟು, ತುಂಬ ನೀರು, ಓರೆ ಹಿಡಿದು ಸ್ಪಿರಿಟ್ ದೀಪವನ್ನ ಮೇಲ್ಗಡೆಗೆ ಮಾತ್ರ ತೋರಿಸಿದ್ರೆ ಮೇಲೆ ನೀರು ಕೊತಕೊತ, ಕೆಳಗೆ ಐಸು ಹಾಗೇ. ಬಿಸಿ ನೀರು ಮೇಲೇ ಉಳೀತದೆ, ಕೆಳಗೆ ಇಳಿಯೋದಿಲ್ಲ, ನೀರಿನ ಮೂಲಕ ವಹನವೂ ಬಹಳ ನಿಧಾನ. ಇದನ್ನ ನಾನೇ ಹಿಡಿದು ಮಾಡ್ತೇನೆ, ಪ್ರನಾಳದ ಬಾಯಿ ಗೋಡೆ ಕಡೆ ಇರ್ಲಿ, ಬಿಸಿ ನೀರು ಹಾರ್ತದೆ.

ಖರ್ಚು ಕೇಳ್ತೀರಿ. ಈ ವರ್ಷದ್ದು ಎಲ್ಲ ಸೇರಿ 400 ಆಗಿರಬಹುದು, ಅದರಲ್ಲಿ ಥರ್ಮಾಮೀಟರಿಗೇ 240. ಮೊದಲೆರಡು ವರ್ಷ ನೀರಿಗೆ ಹಾಕಿದ್ದು ಎರಡು ಸಾವಿರದ ಮೇಲೆ. ಸಮಯ ಎಂಟು ಪೀರಿಯಡ್ ಹಿಡೀತು, ಪುಸ್ತಕ ಓದಿಸಿದ್ರೆ ಐದರಲ್ಲಿ ಮುಗೀತಿತ್ತು, ಆದ್ರೆ ಮೂರು ಶಬ್ದಗಳ ವ್ಯಾಖ್ಯೆ ಬರೆಸಿದ್ದು ಕೊನೆಯ ಒಂದೇ ಪೀರಿಯಡಲ್ಲಿ, ಯಾರಿಗೂ ಬಾಯಿಪಾಠ ಬೇಕಾಗಲಿಲ್ಲ. ಎರಡು ತಿಂಗಳು ಬಿಟ್ಟು ಹೇಳದೆ ಕೇಳದೆ ಕಂಬಳಿ ಪ್ರಶ್ನೆ ಮತ್ತೆ ಕೊಟ್ಟೆ, 19ರಲ್ಲಿ 17 ಜನ ಸರಿ ಬರೆದ್ರು. ಹೆಡ್ ಮಾಸ್ತರು ಆ ಹಾಳೆಗಳನ್ನ ಒಂದೊಂದಾಗಿ ಓದಿ, ಆರನೇ ಕ್ಲಾಸಿಗೂ ಒಂದು ದಿನ ಮಾಡಿ ತೋರಿಸಿ ಅಂದ್ರು.

ಶಿರಸಿ ಕಡೆಯ ನನ್ನ ಗೆಳತಿ, ಅವಳೂ ಅಕ್ಕೋರೇ, ನಮ್ಮಲ್ಲಿ ಕಡಲೂ ಇಲ್ಲ ಮೀನಿನ ಬಾಕ್ಸೂ ಇಲ್ಲ ಅಂದ್ಲು. ಕಾವಲಿ ಇಲ್ವಾ, ಕಂಬಳಿ ಇಲ್ವಾ, ಅಡಿಕೆ ಬೇಯಿಸೋ ಹಂಡೆ ಇಲ್ವಾ ಅಂದೆ. ಈಗ ಅವಳ ಮಕ್ಕಳು ಒಣಗಿದ ಅಡಿಕೆ ಸಿಪ್ಪೆಯಲ್ಲಿ ಐಸು ಹೂತಿಟ್ಟು ನನ್ನ ಉಮಿ ದಾಖಲೆ ಮುರಿಯೋ ಪ್ರಯತ್ನದಲ್ಲಿದ್ದಾರೆ, ಇನ್ನೂ ಆಗಿಲ್ಲ. ನೀವು ಮಾಡೋದಾದ್ರೆ ಉಮಿ ಅಕ್ಕಿ ಮಿಲ್ಲಲ್ಲಿ ಕೇಳಿ, ನಮ್ಮ ಕಡೆ ಸುಮ್ಮನೆ ಕೊಟ್ರು. ಮಳೆ ಹಿಡಿಯೋ ಮೊದಲೇ ತಂದು ಎರಡು ಬಿಸಿಲು ಒಣಗಿಸಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ, ತಣಸು ಹಿಡಿದ ಉಮಿಯಲ್ಲಿ ಐಸು ನಿಲ್ಲೋದಿಲ್ಲ.