ಸರ್ಪಸುತ್ತು ಹೋಯಿತು, ನೋವು ಉಳಿಯಿತು: ಪೇನ್ ಕ್ಲಿನಿಕ್‌ನಲ್ಲಿ ನನ್ನ ಅನುಭವ

ಪೇನ್ ಕ್ಲಿನಿಕ್ ಅಂದರೆ ಮಂಡಿ ನೋವು, ಸೊಂಟ ನೋವಿನವರು ಹೋಗುವ ಜಾಗ ಅಂತ ತಿಳಿದವರೇ ಜಾಸ್ತಿ. ನಾನು ಹೋಗಿದ್ದು ಚರ್ಮದ ನೋವಿಗೆ. ಚರ್ಮದ ಮೇಲೆ ಈಗ ಗಾಯ ಇಲ್ಲ, ಕಲೆ ಮಾತ್ರ ಇದೆ. ಆದರೂ ಸೆರಗು ತಗುಲಿದರೆ ಉರಿಯುತ್ತದೆ. ಮಂಡ್ಯದಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕಸುಬು. ದಿನವಿಡೀ ಬಟ್ಟೆ ಹಿಡಿಯುವವಳಿಗೆ ಮೈಮೇಲಿನ ಬಟ್ಟೆಯೇ ಆಗದು ಅಂದರೆ ಹೇಗಿರಬೇಡ!

ಶುರುವಾಗಿದ್ದು ಎಡಗಡೆ ಎದೆ ನೋವಿನಿಂದ. ಹಾರ್ಟ್ ಇರಬಹುದು ಅಂತ ಇಸಿಜಿ ಮಾಡಿದರು. ಅದು ಸರಿಯಾಗೇ ಇತ್ತು. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಕೆಲವು ದಿನ ಕಳೆದ ಮೇಲೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಪಟ್ಟಿಯಾಗಿ ನೀರುಗುಳ್ಳೆ ಎದ್ದವು. ಎದುರುಮನೆ ಅಜ್ಜಿ ನೋಡಿದ ತಕ್ಷಣ, "ಸರ್ಪಸುತ್ತು ಕನವ್ವ. ತಲೆ ಬಾಲ ಕೂಡಿದ್ರೆ ಕಷ್ಟ. ಕೆಮ್ಮಣ್ಣು ಹಚ್ಚು" ಅಂದರು. ಕೆಮ್ಮಣ್ಣಿನ ಮಾತು ಬಿಡಿ, ಕಾಯಿಲೆ ಯಾವುದು ಅಂತ ಸರಿಯಾಗಿ ಹೇಳಿದವರು ಅವರೇ ಮೊದಲು. ತಲೆ ಬಾಲ ಕೂಡುವ ಭಯವನ್ನು ಆಮೇಲೆ ಚರ್ಮದ ಡಾಕ್ಟರ್ ಬಿಡಿಸಿದರು. ಚಿಕ್ಕಂದಿನಲ್ಲಿ ಅಮ್ಮ ಆಗುತ್ತಲ್ಲ, ಅದೇ ಚಿಕನ್‌ಪಾಕ್ಸ್ ವೈರಸ್ ಬೆನ್ನುಹುರಿ ಪಕ್ಕದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದಂತೆ. ವಯಸ್ಸಾದ ಮೇಲೆ, ಮೈಯ ಶಕ್ತಿ ಕುಗ್ಗಿದಾಗ ಏಳುತ್ತದೆ. ಒಂದು ನರ ಹಿಡಿದು ಬರುವುದರಿಂದ ಮೈಯ ಒಂದೇ ಮಗ್ಗುಲಲ್ಲಿ ಇರುತ್ತದೆ, ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ವೈರಸ್ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಯಾರಿಗಾದರೂ ಒಂದೇ ಮಗ್ಗುಲಲ್ಲಿ ಉರಿ, ಮೇಲೆ ಗುಳ್ಳೆ ಅಂದರೆ ಈಗ ನಾನೇ ಹೇಳಿಬಿಡುತ್ತೇನೆ: ಇವತ್ತೇ ಡಾಕ್ಟರ್ ಹತ್ತಿರ ಹೋಗಿ.

ಗುಳ್ಳೆ ಒಣಗಿದವು. ನೋವು ಹೋಗಲಿಲ್ಲ. ಸರ್ಪಸುತ್ತು ಬಂದ 100 ಜನರಲ್ಲಿ 10ರಿಂದ 18 ಜನರಿಗೆ ಹೀಗೆ ಉಳಿಯುತ್ತದೆ, ವಯಸ್ಸಾದಷ್ಟೂ ಜಾಸ್ತಿ. ಮೂರು ತಿಂಗಳು ದಾಟಿದರೆ ಅದನ್ನು ಬೇರೆಯೇ ಕಾಯಿಲೆ ಅಂತ ಲೆಕ್ಕ ಹಾಕುತ್ತಾರೆ. ಅಷ್ಟರಲ್ಲಿ ನಾನು ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡಿದ್ದೆ. ಒಬ್ಬರು, "ವಾಸಿಯಾಗಿದೆ ಅಲ್ವಾ, ಮನಸ್ಸಿಗೆ ಹಚ್ಕೋಬೇಡಿ" ಅಂತ ಬೇರೆ ಹೇಳಿ ಕಳಿಸಿದ್ದರು. ಕೊನೆಗೆ ಚರ್ಮದ ಡಾಕ್ಟರೇ, "ನನ್ನ ಕೆಲಸ ಮುಗೀತು, ಇದು ನರದ ನೋವು" ಅಂತ ಮೈಸೂರಿನ ಪೇನ್ ಕ್ಲಿನಿಕ್‌ಗೆ ಚೀಟಿ ಬರೆದರು.

ಬೆಳಗಿನ ಪ್ಯಾಸೆಂಜರ್ ರೈಲು ಮೈಸೂರಿಗೆ ಹೋಗುವವರಿಂದ ತುಂಬಿರುತ್ತದೆ. ಎಡ ಮಗ್ಗುಲು ಕಿಟಕಿ ಕಡೆ ಬರುವ ಸೀಟು ಹುಡುಕಿ ಕೂರುತ್ತಿದ್ದೆ. ಯಾರ ಕೈಯೂ ತಗುಲಬಾರದು, ಅಷ್ಟೇ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಾಗ ಗಾಳಿ ಜೋರು, ಅದೂ ಚುಚ್ಚುತ್ತಿತ್ತು. ಫೈಲನ್ನು ಎದೆಗೆ ಅಡ್ಡ ಹಿಡಿದು ಕೂತರೆ ತಡೆಯುವ ಹಾಗಿತ್ತು.

ಪೇನ್ ಕ್ಲಿನಿಕ್‌ನ ಡಾಕ್ಟರ್ ಮೂಲತಃ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವವರು. ನೋವಿನ ದಾರಿ ಅವರಿಗೆ ಚೆನ್ನಾಗಿ ಗೊತ್ತು. ಮೊದಲು ಒಂದು ಪ್ರಶ್ನೆಪಟ್ಟಿ. ಉರಿಯುತ್ತಾ, ಕರೆಂಟ್ ಹೊಡೆದ ಹಾಗಿರುತ್ತಾ, ಜುಮ್ ಅನ್ನುತ್ತಾ, ಮರಗಟ್ಟಿದೆಯಾ, ನವೆಯಾ? ಒಟ್ಟು 10 ಪ್ರಶ್ನೆ, 4ಕ್ಕೆ ಹೌದು ಅಂದರೆ ನರದ ನೋವಿರಬಹುದು ಅಂತ ಲೆಕ್ಕ. ಅದರಲ್ಲಿ ಕೊನೆಯವಕ್ಕೆ ನಾವು ಉತ್ತರ ಹೇಳುವ ಹಾಗಿಲ್ಲ, ಅವರೇ ಮುಟ್ಟಿ ನೋಡುತ್ತಾರೆ. ಮೇಡಂ ಒಂದು ಹತ್ತಿಯ ಎಳೆ ತಗೊಂಡು ಬೆನ್ನಿನಿಂದ ಮೆಲ್ಲಗೆ ಎಳೆಯುತ್ತಾ ಬಂದರು. "ಎಲ್ಲಿ ಬದಲಾಗುತ್ತೆ ಹೇಳಿ ಅಮ್ಮ" ಅಂದರು. ಒಂದು ಕಡೆ ಹತ್ತಿ, ಅದರ ಪಕ್ಕದಲ್ಲೇ ಬೆಂಕಿ. ಇನ್ನೊಂದು ಕಡೆ ಸೂಜಿ ಮೊನೆ ತಾಗಿಸಿದರೂ ಗೊತ್ತೇ ಆಗಲಿಲ್ಲ. ಗಡಿ ಸಿಕ್ಕ ಕಡೆಯೆಲ್ಲ ಪೆನ್ನಿನಿಂದ ಚುಕ್ಕೆ ಇಟ್ಟು ಸೇರಿಸಿದರು. ನಾವು ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುವುದೂ ಹೀಗೇ. ನನ್ನ ನೋವಿಗೆ ಒಂದು ಅಳತೆ ಇದೆ ಅಂತ ಅವತ್ತು ಗೊತ್ತಾಯಿತು. ಮನಸ್ಸಿಗೆ ಹಚ್ಕೊಂಡಿದ್ದು ಅಲ್ಲ ಅನ್ನೋದಕ್ಕೆ ಇನ್ನೇನು ಬೇಕು?

ಗಾಯ ಇಲ್ಲದೆ ನೋವು ಹೇಗೆ ಅಂತ ನಮ್ಮ ಯಜಮಾನರು ಕೇಳಿದರು. "ಕಾಲಿಂಗ್ ಬೆಲ್ ಸ್ವಿಚ್ ಸಿಕ್ಕಿಹಾಕ್ಕೊಂಡಿದೆ ಅಂದ್ಕೊಳ್ಳಿ. ಬಾಗಿಲಲ್ಲಿ ಯಾರೂ ಇಲ್ಲ, ಬೆಲ್ ಹೊಡ್ಕೋತಾನೇ ಇದೆ" ಅಂದರು ಮೇಡಂ. ಆಮೇಲೆ 0ಯಿಂದ 10ರಲ್ಲಿ ನೋವು ಎಷ್ಟು ಅಂದರು. 8 ಅಂದೆ. "5ಕ್ಕೆ ಬಂದರೆ ಚೆನ್ನಾಗಿ ಕೆಲಸ ಆಯ್ತು ಅಂತ ನಾವು ಅನ್ನೋದು." ಯಜಮಾನರು ಅವರ ಮುಂದೇನೇ, "ಅಷ್ಟೇನಾ?" ಅಂದುಬಿಟ್ಟರು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ನೋವು ಕಡಿಮೆ ಆದರೆ ಮೊದಲು ಏನು ಮಾಡ್ಬೇಕು ಅಂತಿದ್ದೀರಿ?" ಅಂತ ನನ್ನನ್ನು ಕೇಳಿದರು. ಎಡ ಮಗ್ಗುಲಾಗಿ ಮಲಗಬೇಕು, ಸರಿಯಾದ ಬ್ಲೌಸ್ ತೊಟ್ಟು ಒಂದು ಮದುವೆಗೆ ಹೋಗಬೇಕು, ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ವಾಪಸ್ ಕಳಿಸಬಾರದು ಅಂದೆ. ಮೂರನ್ನೂ ಫೈಲಿನಲ್ಲಿ ಬರೆದುಕೊಂಡರು. ಪ್ರತಿ ಸಲ ಹೋದಾಗ ನಂಬರ್‌ಗಿಂತ ಮೊದಲು ಕೇಳುತ್ತಿದ್ದುದು ಇವನ್ನೇ. ಆ ಕ್ಲಿನಿಕ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು.

ಮಾತ್ರೆ ವಿಷಯ. ರಾತ್ರಿ ನರದ ನೋವಿಗೆ ಪ್ರಿಗಾಬಲಿನ್ 75 ಮಿಲಿಗ್ರಾಂ, ಜೊತೆಗೆ ನಾರ್‌ಟ್ರಿಪ್ಟಿಲಿನ್ 10. ಎರಡನೆಯದು ಖಿನ್ನತೆಗೆ ಕೊಡೋದು ಅಂತ ಮೆಡಿಕಲ್ ಸ್ಟೋರ್ ಹುಡುಗ ಹೇಳಿದಾಗ ಪಿಚ್ಚೆನಿಸಿತು. ಕೇಳಿದ್ದಕ್ಕೆ ಮೇಡಂ, ಇಷ್ಟು ಸಣ್ಣ ಡೋಸ್ ನರದ ನೋವಿಗೇ ಕೊಡೋದು, ಖಿನ್ನತೆಗೆ ಬೇಕಾದ ಡೋಸ್ ಇದಕ್ಕಿಂತ ಎಷ್ಟೋ ಜಾಸ್ತಿ ಅಂದರು. ಮೊದಲ ವಾರ ಬೆಳಿಗ್ಗೆ ತಲೆ ಭಾರ, ನಡೆದರೆ ತೂರಾಟ. ಬಾಯಿ ಒಣಗುತ್ತಿತ್ತು. ಮಷೀನ್ ಮುಂದೆ ಕೂತರೆ ಸೂಜಿ ಕೆಳಗೆ ಬೆರಳು ಹೋದೀತು ಅಂತ ಭಯ. ಮಾತ್ರೆಯನ್ನು ಮಲಗುವ ಹೊತ್ತಿನ ಬದಲು ಸಂಜೆಯೇ ತಗೊಳ್ಳಿ ಅಂದರು, ಬೆಳಗಿನ ಮಂಪರು ಇಳಿಯಿತು. ಡೋಸ್ ಏರಿಸಿದಾಗ ಪಾದ ಊದಿತು, ಮತ್ತೆ ಇಳಿಸಿದರು. ಗುಣ ಕಾಣಲು ವಾರಗಳೇ ಹಿಡಿಯುತ್ತವೆ. ನಾವಾಗಿ ಒಮ್ಮೆಲೇ ನಿಲ್ಲಿಸುವ ಹಾಗೂ ಇಲ್ಲ.

ಲಿಡೋಕೇನ್ ಪಟ್ಟಿ ಅಂತ ಒಂದಿದೆ, ಚರ್ಮ ಮರಗಟ್ಟಿಸುವ ಔಷಧಿ ಇರುವ ಅಂಟುಪಟ್ಟಿ. 12 ಗಂಟೆ ಅಂಟಿಸಬೇಕು, 12 ಗಂಟೆ ತೆಗೆದಿಡಬೇಕು. ಗಾಯ ಇಲ್ಲದ ಚರ್ಮಕ್ಕೆ ಮಾತ್ರ. ಅಂಟಿಸುವ ಮೊದಲು ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಮೇಡಂ ಹಾಕಿದ ಗೆರೆಗೆ ಪೇಪರ್ ಕಟಿಂಗ್ ಮಾಡಿ ಇಟ್ಟುಕೊಂಡು ಅದೇ ಅಳತೆಗೆ ಕತ್ತರಿಸಿದೆ, ಒಂದು ಇಂಚೂ ವೇಸ್ಟ್ ಆಗಲಿಲ್ಲ. ಬೆಲೆ ಜಾಸ್ತಿ ಆದ್ದರಿಂದ ಹೊರಗೆ ಹೋಗುವ ದಿನಕ್ಕೆ ಮಾತ್ರ. ಮೆಣಸಿನಕಾಯಿ ಖಾರದ ಅಂಶದಿಂದ ಮಾಡಿದ ಕ್ರೀಮ್ ಕೂಡ ಇದೆ. ಹಚ್ಚಿದ ಕೈ ಕಣ್ಣು, ಬಾಯಿ ಮುಟ್ಟಬಾರದು ಅಂದರು. ದಾರದ ತುದಿ ಬಾಯಿಗಿಟ್ಟು ಸೂಜಿಗೆ ಪೋಣಿಸುವವಳಿಗೆ ಅದು ಆಗುವ ಮಾತಾ? ಬೇಡ ಅಂದೆ. ಪಕ್ಕೆಲುಬಿನ ನರಕ್ಕೆ ಸ್ಕ್ಯಾನ್ ನೋಡಿಕೊಂಡು ಇಂಜೆಕ್ಷನ್ ಒಮ್ಮೆ ಆಯಿತು. ಕೆಲವು ವಾರ ಹಗುರಾಗಿತ್ತು. ಶಾಶ್ವತ ಅಲ್ಲ ಅಂತ ಮೊದಲೇ ಹೇಳಿದ್ದರು.

ಬಟ್ಟೆಯ ವಿಷಯದಲ್ಲಿ ಮಾತ್ರ ನಾನೇ ಅವರಿಗೆ ಹೇಳಿಕೊಟ್ಟೆ. ನೋವಿದೆ ಅಂದರೆ ಎಲ್ಲರೂ ಸಡಿಲವಾದ ನೈಟಿ ಹಾಕ್ಕೋ ಅನ್ನುತ್ತಾರೆ. ಸಡಿಲ ಬಟ್ಟೆ ಆಡುತ್ತದೆ, ಆಡಿದಾಗೆಲ್ಲ ಸವರುತ್ತದೆ. ನನಗೆ ಆಗದಿದ್ದುದು ಆ ಸವರುವುದೇ. ಒತ್ತಿ ಹಿಡಿದರೆ ಅಷ್ಟು ಉರಿ ಇಲ್ಲ. ಹಾಗಾಗಿ ಮೈಗೆ ಅಂಟಿ ಕೂರುವ ಒಳಬಾಡಿ ಹೊಲಿದುಕೊಂಡೆ. ಎಡಗಡೆ ಜಾಯಿಂಟೇ ಇಲ್ಲ, ಹುಕ್ ಬಲ ಮಗ್ಗುಲಿಗೆ, ಹೊಲಿಗೆಯೆಲ್ಲ ಹೊರಮುಖ. ಮೊದಲು ಹಳೇ ಪಂಚೆ ಬಟ್ಟೆಯಲ್ಲಿ ಮಾಡಿದೆ. ಆಮೇಲೆ ನನ್ನ ಹಳೇ ಮೈಸೂರು ಸಿಲ್ಕ್ ಸೀರೆಯ ಜರಿ ಇಲ್ಲದ ಒಡಲಿಗೇ ಕತ್ತರಿ ಹಾಕಿದೆ. ಕ್ರೇಪ್ ರೇಷ್ಮೆ, ಜಾರುತ್ತದೆ, ಉಜ್ಜುವುದಿಲ್ಲ. ನಮ್ಮತ್ತೆ ಎರಡು ದಿನ ಮಾತಾಡಲಿಲ್ಲ. ಮೇಡಂ ಆ ಒಳಬಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನೊಬ್ಬ ಪೇಶೆಂಟ್‌ಗೂ ಒಂದು ಹೊಲಿದು ಕೊಡ್ತೀರಾ ಅಂದರು. ಕೊಟ್ಟೆ, ಕೂಲಿ ತಗೊಂಡೇ.

ಅಲ್ಲಿನ ಫಿಸಿಯೋ ಹುಡುಗಿ ಬೇರೆ ಬೇರೆ ತರದ ಬಟ್ಟೆ ಚೂರು ತನ್ನಿ ಅಂದಾಗ ನನಗೆ ನಗು. ಅಂಗಡಿಯಲ್ಲಿ ಅದೇ ಒಂದು ಮೂಟೆ ಇದೆ. ಮೆತ್ತಗಿರುವುದರಿಂದ ಶುರು ಮಾಡಿ ಒರಟಿನ ಕಡೆ ಹೋಗಬೇಕು. ಸಿಲ್ಕ್, ಮಲ್, ರೂಬಿಯಾ, ಖಾದಿ, ಕೊನೆಗೆ ಟರ್ಕಿ ಟವೆಲ್. ಮೊದಲು ಗೆರೆಯ ಆಚೆ, ನೋವಿಲ್ಲದ ಕಡೆ ಉಜ್ಜಬೇಕು, ಆಮೇಲೆ ಮೆಲ್ಲಗೆ ಒಳಗೆ. ಒಂದೆರಡು ನಿಮಿಷ, ದಿನಕ್ಕೆ ಕೆಲವು ಸಲ. ಇದು ಅಪಾಯ ಅಲ್ಲ ಅಂತ ನರಕ್ಕೆ ಅಭ್ಯಾಸ ಆಗಬೇಕಂತೆ. ಸಿಲ್ಕ್‌ನಿಂದ ಮಲ್‌ಗೆ ಬರುವುದೇ ಹೆಣಗಾಟ ಆಯಿತು. ಖಾದಿಗೆ ಬಂದಿದ್ದೇನೆ, ಟವೆಲ್ ಇನ್ನೂ ದೂರ. ನೋವಿಗೆ ಹೆದರಿ ಕೈ ಎತ್ತದೆ ಎಡ ಭುಜವೂ ಬಿಗಿದಿತ್ತು. ಅದಕ್ಕೆ ಗೋಡೆ ಮೇಲೆ ಬೆರಳು ನಡೆಸುವ ವ್ಯಾಯಾಮ, ಬೇಜಾರಿನದು, ಆದರೆ ಕೈ ಮೇಲೆ ಬಂತು.

ಕೆಲಸದ ರೀತಿಯೂ ಬದಲಾಯಿತು. ನೋವಿಲ್ಲದ ದಿನ ರಾತ್ರಿಯವರೆಗೆ ಹೊಲಿಯುವುದು, ಮಾರನೇ ದಿನ ಹಾಸಿಗೆ ಹಿಡಿಯುವುದು, ಹೀಗೆ ಆಗುತ್ತಿತ್ತು. ಈಗ ನೋವಿರಲಿ ಬಿಡಲಿ, ಅರ್ಧ ಗಂಟೆಗೆ ಫೋನ್ ಬಡಿದರೆ ಏಳುತ್ತೇನೆ. ಕಾಜಾ, ಹುಕ್ ಕೆಲಸ ಪಕ್ಕದ ಬೀದಿಯ ಹುಡುಗಿಗೆ ಕೊಟ್ಟಿದ್ದೇನೆ. ಗಿರಾಕಿಗಳಿಗೆ ಒಂದು ವಾರ ಜಾಸ್ತಿಯೇ ಹೇಳುತ್ತೇನೆ. ಗೊಣಗುತ್ತಾರೆ, ಬರುತ್ತಾರೆ.

ಮನೆಯವರಿಗೂ ಬರದಿರಲಿ ಅಂತ ಲಸಿಕೆ ಬಗ್ಗೆ ಕೇಳಿದೆ. ಶಿಂಗ್ರಿಕ್ಸ್ ಅನ್ನುವುದು 2023ರಿಂದ ಇಂಡಿಯಾದಲ್ಲಿ ಸಿಗುತ್ತಿದೆ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳು ಅಂತರ. ಬಂದು ಉಳಿದ ನೋವನ್ನು ಅದು ತೆಗೆಯುವುದಿಲ್ಲ. ಬೆಲೆ ಕೇಳಿ ಯಜಮಾನರು ಮುಂದಿನ ವರ್ಷ ನೋಡೋಣ ಅಂದರು. ನನ್ನ ಪಾಡು ನೋಡಿದ ಮೇಲೂ ಹಾಗಂದರಲ್ಲ ಅಂತ ಸಿಟ್ಟು ಬಂತು. ಚೀಟಿ ದುಡ್ಡು ಬಂದಾಗ ನಾನೇ ಕರೆದುಕೊಂಡು ಹೋಗಿ ಮೊದಲ ಡೋಸ್ ಹಾಕಿಸಿದೆ.

ನಂಬರ್ ಈಗ 4 ಅಥವಾ 5, ಮಳೆಗಾಲದ ಚಳಿಗೆ 6. ಎಡ ಮಗ್ಗುಲಾಗಿ ಮಲಗುವುದು ಇನ್ನೂ ಆಗಿಲ್ಲ. ಮದುವೆಗೆ ಹೋಗಿ ಬಂದೆ, ಪಟ್ಟಿ ಅಂಟಿಸಿಕೊಂಡು, ಊಟದ ತನಕ. ಹಬ್ಬದ ಆರ್ಡರ್ ಅರ್ಧ ಒಪ್ಪಿಕೊಂಡಿದ್ದೇನೆ. ಮೊನ್ನೆ ಮೇಡಂ, ಪ್ರಿಗಾಬಲಿನ್ ನಿಧಾನವಾಗಿ ಇಳಿಸಲು ಶುರು ಮಾಡೋಣವಾ ಅಂದರು. ಹಬ್ಬ ಮುಗಿಯಲಿ ಮೇಡಂ, ಬ್ಲೌಸ್ ಎಲ್ಲ ಕೊಟ್ಟು ಬಿಡುತ್ತೇನೆ ಅಂದೆ. ಆಯ್ತು ಅಂತ ಹಬ್ಬದ ಮುಂದಿನ ವಾರದ ಡೇಟ್ ಬರೆದುಕೊಟ್ಟರು.